ಒಣ ಪೈಪು, ಎರಡು ಬೀಗ: ಪ್ರಿಆಕ್ಷನ್ ಸ್ಪ್ರಿಂಕ್ಲರ್ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಕುಳಿತು ಸ್ಪ್ರಿಂಕ್ಲರ್ ನಕ್ಷೆ ಮತ್ತು ನೀರಿನ ಲೆಕ್ಕ ಮಾಡುವುದು ನನ್ನ ಕಸುಬು. ಸೈಟಿನಲ್ಲಿ ಚಹಾ ಕುಡಿಯುತ್ತ ಕೇಳಿದವು, ಫೋನಿನಲ್ಲಿ ಕೇಳಿದವು, ಬೀದರ್ ಮತ್ತು ಯಾದಗಿರಿಯಿಂದ ಪತ್ರದಲ್ಲಿ ಬಂದವು ಎಲ್ಲವನ್ನೂ ಸೇರಿಸಿ, ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಪ್ರಶ್ನೆಯ ಮಾತು ಕೇಳಿದವರದೇ. ಬೇರೆ ಹೇಳದಿದ್ದರೆ ಅಂಕಿಗಳು ಅಮೆರಿಕದ ಸ್ಪ್ರಿಂಕ್ಲರ್ ನಿಯಮವಾದ ಎನ್‌ಎಫ್‌ಪಿಎ 13ರವು. ನಮ್ಮಲ್ಲಿ ಭಾರತೀಯ ಸ್ಪ್ರಿಂಕ್ಲರ್ ಮಾನಕವಾದ ಐಎಸ್ 15105 ಮತ್ತು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನೂ ನೋಡಬೇಕು. ಎರಡು ನಿಯಮಗಳ ಅಂಕಿಗಳನ್ನು ಒಂದೇ ಲೆಕ್ಕದಲ್ಲಿ ಕಲಸಬೇಡಿ. ಯಾವುದನ್ನು ಹಿಡಿದಿದ್ದೀರೋ ಅದನ್ನೇ ಕೊನೆಯವರೆಗೆ ಹಿಡಿಯಿರಿ.

## ಮೊದಮೊದಲ ಪ್ರಶ್ನೆಗಳು

ಬೆಂಕಿ ಬಿದ್ದರೆ ಎಲ್ಲ ಹೆಡ್‌ಗಳಿಂದಲೂ ಒಮ್ಮೆಗೇ ನೀರು ಸುರಿಯುತ್ತದಲ್ಲವೇ? ಸಿನಿಮಾದಲ್ಲಿ ಹಾಗೇ ತೋರಿಸುತ್ತಾರಲ್ಲ?

ಇಲ್ಲ. ಹೆಡ್ ಎಂದರೆ ಪೈಪಿಗೆ ಸಿಕ್ಕಿಸಿದ, ನೀರು ಚಿಮ್ಮುವ ತಲೆ. ಪ್ರತಿ ಹೆಡ್‌ನ ಬಾಯಿಗೆ ಒಂದು ಗಾಜಿನ ಬಲ್ಬು ಅಡ್ಡ ನಿಂತಿರುತ್ತದೆ. ಅದರೊಳಗಿನ ದ್ರವ ಕಾದು ಹಿಗ್ಗಿ ಬಲ್ಬು ಒಡೆದಾಗ ಆ ಒಂದು ಹೆಡ್ ಮಾತ್ರ ತೆರೆಯುತ್ತದೆ. ಬೆಂಕಿಯ ಮೇಲಿರುವ ಒಂದೆರಡು ಹೆಡ್ ತೆರೆದಾಗಲೇ ಎಷ್ಟೋ ಬೆಂಕಿ ಹತೋಟಿಗೆ ಬರುತ್ತದೆ. ಎಲ್ಲ ಹೆಡ್‌ಗಳೂ ಸದಾ ತೆರೆದೇ ಇದ್ದು ಒಟ್ಟಿಗೆ ಸುರಿಯುವ ವ್ಯವಸ್ಥೆಯೂ ಇದೆ, ಅದರ ಹೆಸರು ಡೆಲ್ಯೂಜ್. ಟ್ರಾನ್ಸ್‌ಫಾರ್ಮರ್‌ನಂಥ ಕಡೆ ಹಾಕುತ್ತಾರೆ. ಈ ಪುಟದ ವಿಷಯ ಅದಲ್ಲ.

ಪ್ರಿಆಕ್ಷನ್ ಅಂದರೆ ಏನು ಸಾಹೇಬರೇ? ಹೆಸರು ಕೇಳಿದ್ದೇವೆ, ಅರ್ಥ ಯಾರೂ ಹೇಳಿಲ್ಲ.

ಸಾಮಾನ್ಯ ಸ್ಪ್ರಿಂಕ್ಲರ್ ಪೈಪಿನಲ್ಲಿ ನೀರು ಸದಾ ತುಂಬಿ ನಿಂತಿರುತ್ತದೆ. ಪ್ರಿಆಕ್ಷನ್ ಪೈಪಿನಲ್ಲಿ ನೀರಿಲ್ಲ, ಕಡಿಮೆ ಒತ್ತಡದ ಗಾಳಿ ಅಥವಾ ನೈಟ್ರೋಜನ್ ಇರುತ್ತದೆ. ನೀರು ಒಂದು ವಾಲ್ವಿನ ಹಿಂದೆ ಕಾಯುತ್ತಿರುತ್ತದೆ. ಕೋಣೆಯಲ್ಲಿ ಹೊಗೆ ಅಥವಾ ಶಾಖದ ಡಿಟೆಕ್ಟರ್ ಇರುತ್ತದೆ. ಅದು ಅಲಾರಂ ಪ್ಯಾನೆಲ್‌ಗೆ ಸುದ್ದಿ ಮುಟ್ಟಿಸಿದ ಮೇಲೆ ಪ್ಯಾನೆಲ್ ವಾಲ್ವನ್ನು ತೆರೆಸುತ್ತದೆ. ಹೆಡ್ ತೆರೆಯುವ ಮೊದಲೇ ಈ ಕ್ರಿಯೆ ನಡೆಯುವುದರಿಂದ ಆ ಹೆಸರು.

ಏಣಿ ತಗುಲಿ ಹೆಡ್ ಮುರಿದರೆ ಗಾಳಿ ಸೋರಿ ಗಂಟೆ ಬಾರಿಸುತ್ತದೆಯೇ ಹೊರತು ನೀರು ಬೀಳುವುದಿಲ್ಲ (ಕೆಳಗೆ ಹೇಳುವ ಬೀಗವಿಲ್ಲದ ಬಗೆಯೊಂದನ್ನು ಬಿಟ್ಟು). ಸರ್ವರ್ ಕೋಣೆ, ಕಡತಗಳ ಕೋಣೆ, ವಸ್ತು ಸಂಗ್ರಹಾಲಯಗಳವರು ಇದನ್ನು ಕೇಳುವುದು ಈ ಒಂದು ಗುಣಕ್ಕಾಗಿ.

ಇಂಟರ್‌ಲಾಕ್ ಎಷ್ಟು ಬಗೆ? ಒಬ್ಬರು ಸಿಂಗಲ್ ಅನ್ನುತ್ತಾರೆ, ಇನ್ನೊಬ್ಬರು ಡಬಲ್ ಅನ್ನುತ್ತಾರೆ.

ಮೂರು ಬಗೆ. ನಾನು ಬೀಗದ ಮಾತಿನಲ್ಲಿ ಹೇಳುತ್ತೇನೆ. ಒಂದು ಬೀಗದ್ದರಲ್ಲಿ ಡಿಟೆಕ್ಟರ್ ಹೇಳಿದರೆ ಸಾಕು, ಪೈಪಿಗೆ ನೀರು ಬರುತ್ತದೆ. ಹೆಡ್ ಇನ್ನೂ ಮುಚ್ಚಿಯೇ ಇದ್ದರೆ ನೀರು ಪೈಪಿನಲ್ಲೇ ನಿಂತು ಕಾಯುತ್ತದೆ. ಎರಡು ಬೀಗದ್ದರಲ್ಲಿ ಡಿಟೆಕ್ಟರ್ ಹೇಳಬೇಕು, ಜೊತೆಗೆ ಹೆಡ್ ತೆರೆದು ಗಾಳಿಯ ಒತ್ತಡವೂ ಇಳಿಯಬೇಕು. ಎರಡೂ ಆಗುವವರೆಗೆ ಪೈಪಿಗೆ ಹನಿ ನೀರಿಲ್ಲ. ಬೀಗವಿಲ್ಲದ ಮೂರನೆಯ ಬಗೆಯಲ್ಲಿ ಎರಡರಲ್ಲಿ ಯಾವುದಾದರೂ ಒಂದು ನಡೆದರೆ ನೀರು ಬರುತ್ತದೆ. ಮುಂದಿನ ಎಲ್ಲ ಲೆಕ್ಕವೂ ಈ ಮೂರರಲ್ಲಿ ಯಾವುದನ್ನು ಆರಿಸಿದಿರಿ ಎಂಬುದರ ಮೇಲೆ ನಿಂತಿದೆ.

ನಮ್ಮ ಸರ್ವರ್ ಕೋಣೆಗೆ ಎರಡು ಬೀಗದ್ದೇ ಇರಲಿ ಬಿಡಿ. ಬೀಗ ಹೆಚ್ಚಾದಷ್ಟೂ ಕ್ಷೇಮ ಅಲ್ಲವೇ?

ಯಾರಿಗೆ ಕ್ಷೇಮ ಎಂದು ಕೇಳಿಕೊಳ್ಳಿ. ಕಂಪ್ಯೂಟರಿಗೆ ನೀರು ತಾಗದಿರಲಿ ಎನ್ನುವುದು ಒಂದು ಕ್ಷೇಮ, ಬೆಂಕಿ ಬೇಗ ಆರಲಿ ಎನ್ನುವುದು ಇನ್ನೊಂದು. ಎರಡನೆಯ ಬೀಗ ಮೊದಲನೆಯ ಕ್ಷೇಮಕ್ಕೆ ಸ್ವಲ್ಪ ಕೊಟ್ಟು ಎರಡನೆಯ ಕ್ಷೇಮದಿಂದ ಬಹಳ ಕಸಿಯುತ್ತದೆ. ಹೆಡ್ ತೆರೆಯಬೇಕು, ಗಾಳಿ ಹೊರಹೋಗಬೇಕು, ವಾಲ್ವು ತೆರೆಯಬೇಕು, ಆಮೇಲೆ ನೀರು ಖಾಲಿ ಪೈಪಿನುದ್ದಕ್ಕೂ ಓಡಿ ಬರಬೇಕು. ಅಷ್ಟರಲ್ಲಿ ಬೆಂಕಿ ದೊಡ್ಡದಾಗಿ ಅಕ್ಕಪಕ್ಕದ ಹೆಡ್‌ಗಳೂ ತೆರೆದಿರುತ್ತವೆ. ನಿಯಮ ಇದನ್ನು ಬಲ್ಲದು. ಅದಕ್ಕೇ ಎರಡು ಬೀಗದ ವ್ಯವಸ್ಥೆಗೆ ಹೆಚ್ಚು ನೀರು ಕೇಳುತ್ತದೆ.

ನಮ್ಮ ಸೆಕೆಯಲ್ಲಿ ಸರ್ವರ್ ಕೋಣೆಯ ಪೈಪು ಹೆಪ್ಪುಗಟ್ಟುವ ಮಾತೇ ಇಲ್ಲ. ಏಣಿ ತಗುಲಿ ಹೆಡ್ ಮುರಿದರೆ ಒಂದು ಬೀಗವೇ ನೀರನ್ನು ತಡೆಯುತ್ತದೆ. ಡಿಟೆಕ್ಟರ್ ತಪ್ಪು ಸುದ್ದಿ ಕೊಟ್ಟು ಪೈಪಿಗೆ ನೀರು ಬಂದರೂ ಹೆಡ್ ಮುಚ್ಚಿರುವುದರಿಂದ ಕೋಣೆ ಒದ್ದೆಯಾಗುವುದಿಲ್ಲ. ಇಷ್ಟನ್ನು ವಿವರಿಸಿದ ಮೇಲೂ ಎರಡೇ ಬೇಕು ಎನ್ನುವವರು ಇದ್ದಾರೆ. ಅವರಿಗೆ ನೀರಿನ ಟ್ಯಾಂಕಿನ ಲೆಕ್ಕ ತೋರಿಸುತ್ತೇನೆ, ಅದು ಮುಂದೆ ಬರುತ್ತದೆ.

ಹಾಗಾದರೆ ಎರಡು ಬೀಗದ್ದು ಯಾರಿಗೆ?

ಸೊನ್ನೆಗಿಂತ ಕೆಳಗಿನ ತಾಪಮಾನದ ಫ್ರೀಜರ್ ಕೋಣೆಗಳಿಗೆ. ಅಲ್ಲಿ ಡಿಟೆಕ್ಟರ್‌ನ ಸುಳ್ಳು ಸುದ್ದಿಗೆ ಪೈಪಿನೊಳಗೆ ನೀರು ಬಂದರೆ ಗಡ್ಡೆ ಕಟ್ಟಿ ಇಡೀ ಜಾಲವೇ ಹಾಳು. ಆದರೆ ಕೋಲ್ಡ್ ಸ್ಟೋರೇಜ್ ಎಂದ ಕೂಡಲೇ ಎರಡು ಬೀಗ ಬರೆಯಬೇಡಿ. ಹಣ್ಣು, ಮೆಣಸಿನಕಾಯಿ ಇಡುವ ಕೋಣೆ ಸದಾ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲೇ ಇರುವುದು ಖಚಿತವಾದರೆ ನೀರು ತುಂಬಿದ ಸಾಮಾನ್ಯ ಪೈಪೇ ನಡೆಯುತ್ತದೆ.

ನಮ್ಮದು ತೊಗರಿ ದಾಲ್ ಮಿಲ್. ಪ್ರಿಆಕ್ಷನ್ ಬೇಕೇ?

ಬೇಡ. ನೀರು ತುಂಬಿದ ವ್ಯವಸ್ಥೆ ಹಾಕಿ, ಉಳಿದ ದುಡ್ಡನ್ನು ಧೂಳು ಹೀರುವ ಯಂತ್ರಕ್ಕೆ ಹಾಕಿ.

ಹಳೆಯ ದಫ್ತರಿನ ಕೋಣೆ ಇದೆ, ನಿಜಾಮರ ಕಾಲದ ಉರ್ದು ಕಡತಗಳು ಒಂದರ ಮೇಲೊಂದು ಇವೆ. ನೀರು ಬಿದ್ದರೆ ಅಕ್ಷರ ಉಳಿಯುವುದಿಲ್ಲ. ಏನು ಮಾಡುವುದು?

ಒದ್ದೆಯಾದ ಕಾಗದವನ್ನು ಒಣಗಿಸಬಹುದು, ಬೂದಿಯನ್ನು ಏನೂ ಮಾಡಲಾಗದು. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದ್ರಸಾದ ಮುಂಭಾಗವನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಗ್ರಂಥಾಲಯಕ್ಕೆ ಹೆಸರಾಗಿದ್ದ ಆ ಕಟ್ಟಡದ ಒಂದು ಪಾರ್ಶ್ವವನ್ನು ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಕೆಡವಿತು. ಉಳಿದ ಒಂದು ಮಿನಾರು, ಮುರಿದ ಮುಂಭಾಗ ಇಂದಿಗೂ ಹಾಗೇ ನಿಂತಿವೆ.

ನಿಮ್ಮ ಕೋಣೆಗೆ ಒಂದು ಬೀಗದ ಪ್ರಿಆಕ್ಷನ್ ಒಪ್ಪುತ್ತದೆ. ಆದರೆ ಕಚೇರಿಯ ಲೆಕ್ಕ ಅಲ್ಲಿಗೆ ಸಾಲದು. ಕಚೇರಿಯನ್ನು ಕಡಿಮೆ ಅಪಾಯದ ವರ್ಗದಲ್ಲಿ ಇಡುತ್ತಾರೆ, ದೊಡ್ಡ ಪುಸ್ತಕದ ಕಪಾಟುಗಳ ಕೋಣೆಯನ್ನು ಸಾಧಾರಣ ಅಪಾಯದ ಎರಡನೆಯ ಗುಂಪಿನಲ್ಲಿ. ಮಳೆಯಂತೆ ಅಳೆದರೆ ಮೊದಲನೆಯದಕ್ಕೆ ನಿಮಿಷಕ್ಕೆ 4.1 ಮಿ.ಮೀ. ನೀರು, ಎರಡನೆಯದಕ್ಕೆ 8.1 ಮಿ.ಮೀ. ಸುಮಾರು ಇಮ್ಮಡಿ. ಕಡತಗಳನ್ನು ಸೂರಿನವರೆಗೆ ಪೇರಿಸಿದ್ದರೆ ಹೆಡ್‌ನ ನೀರು ಹರಡುವುದೇ ಇಲ್ಲ. ಹೆಡ್‌ನ ನೀರು ಚದುರಿಸುವ ತಟ್ಟೆಯಿಂದ ಕೆಳಗೆ ಕನಿಷ್ಠ 457 ಮಿ.ಮೀ., ಅಂದರೆ ಒಂದೂವರೆ ಅಡಿ, ಖಾಲಿ ಬಿಡಬೇಕು.

ಕಲಬುರಗಿಯ ಬಿಸಿಲಿಗೆ ಬಲ್ಬು ತಾನಾಗಿಯೇ ಒಡೆಯುವುದಿಲ್ಲವೇ?

ಸರಿಯಾದ ಬಲ್ಬು ಆರಿಸಿದರೆ ಒಡೆಯುವುದಿಲ್ಲ. ಅಂಗಡಿಯಲ್ಲಿ ಕೈಗೆ ಸಿಗುವುದು ಕೆಂಪು ಬಲ್ಬು, 68 ಡಿಗ್ರಿಯದು. ಸೂರಿನ ತಾಪ 38 ಡಿಗ್ರಿ ದಾಟದ ಕಡೆಗೆ ಅದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗಿನ ನೆರಳೇ 40 ದಾಟುತ್ತದೆ, ಎ.ಸಿ. ಇಲ್ಲದ ತಗಡಿನ ಸೂರಿನ ಕೆಳಗೆ ಇನ್ನೂ ಹೆಚ್ಚು. ಅಲ್ಲಿಗೆ 79 ಡಿಗ್ರಿಯ ಹಳದಿ ಅಥವಾ 93 ಡಿಗ್ರಿಯ ಹಸಿರು ಬಲ್ಬು ಬೇಕು. ಅವು 66 ಡಿಗ್ರಿಯವರೆಗಿನ ಸೂರಿಗೆ ನಡೆಯುತ್ತವೆ. ಎ.ಸಿ. ಇರುವ ಸರ್ವರ್ ಕೋಣೆಯಾದರೆ ಒಂದು ಪ್ರಶ್ನೆ ಕೇಳಿ: ಕರೆಂಟು ಹೋಗಿ ಎ.ಸಿ. ನಿಂತ ಮಧ್ಯಾಹ್ನ ಸೂರಿನ ಬಳಿ ಎಷ್ಟಿರುತ್ತದೆ? ಒಂದು ಥರ್ಮಾಮೀಟರ್ ಕಟ್ಟಿ ನೋಡಿದರೆ ವಾದ ಮುಗಿಯುತ್ತದೆ.

## ಲೆಕ್ಕಕ್ಕೆ ಕುಳಿತವರು ಕೇಳಿದವು

ಲೆಕ್ಕ ಎಲ್ಲಿಂದ ಶುರು ಮಾಡಬೇಕು? ಪಂಪಿನಿಂದಲೋ, ಹೆಡ್‌ನಿಂದಲೋ?

ಹೆಡ್‌ನಿಂದ, ಅದರಲ್ಲೂ ಪಂಪಿನ ನೀರು ತಲುಪಲು ಅತ್ಯಂತ ಕಷ್ಟದ ಹೆಡ್‌ನಿಂದ. ಸಾಮಾನ್ಯವಾಗಿ ಅದು ಎಲ್ಲಕ್ಕಿಂತ ದೂರದ್ದು. ಅಲ್ಲಿಂದ ಹಿಂದಕ್ಕೆ, ಪಂಪಿನ ಕಡೆಗೆ ನಡೆಯುತ್ತ ಬರಬೇಕು.

ಮಳೆ ಅಳೆಯುವಂತೆ ಯೋಚಿಸಿ. ಸಾಧಾರಣ ಅಪಾಯದ ಮೊದಲ ಗುಂಪಿಗೆ ನಿಮಿಷಕ್ಕೆ 6.1 ಮಿ.ಮೀ. ನೀರು ಬೀಳಬೇಕು, ಲೆಕ್ಕಕ್ಕೆ ಹಿಡಿಯುವ 139 ಚದರ ಮೀಟರ್ ಕ್ಷೇತ್ರದ ಮೇಲೆ. ಹೆಡ್‌ಗಳ ನಡುವೆ ಒಂದು ದಿಕ್ಕಿಗೆ 4 ಮೀಟರ್, ಇನ್ನೊಂದಕ್ಕೆ 3 ಮೀಟರ್ ಎಂದಿಟ್ಟುಕೊಳ್ಳಿ. ಒಂದು ಹೆಡ್‌ನ ಪಾಲಿಗೆ 12 ಚದರ ಮೀಟರ್. ಈ ವರ್ಗದಲ್ಲಿ ಗರಿಷ್ಠ 12.1, ಹಾಗಾಗಿ ಅಂಚಿಗೆ ತಾಗಿದ್ದೇವೆ. ಒಂದು ಚದರ ಮೀಟರ್ ಮೇಲಿನ ಒಂದು ಮಿ.ಮೀ. ನೀರು ಎಂದರೆ ಒಂದು ಲೀಟರ್. ಆದ್ದರಿಂದ 6.1 ಗುಣಿಸು 12, ಹೆಡ್ ಒಂದಕ್ಕೆ ನಿಮಿಷಕ್ಕೆ 73.2 ಲೀಟರ್.

ಹೆಡ್‌ನಿಂದ ಬರುವ ಹರಿವು ಅದರ ಕೆ ಅಂಕವನ್ನು (ಹೆಡ್‌ನ ಬಾಯಿ ಎಷ್ಟು ನೀರು ಬಿಡುತ್ತದೆ ಎಂಬ ಅಳತೆ) ಒತ್ತಡದ ವರ್ಗಮೂಲದಿಂದ ಗುಣಿಸಿದಷ್ಟು. ಕೆ 80ರ ಹೆಡ್‌ಗೆ 73.2 ಲೀಟರ್ ಬರಬೇಕಾದರೆ ಬೇಕಾದ ಒತ್ತಡ 0.84 ಬಾರ್. ಕನಿಷ್ಠ ಮಿತಿಯಾದ ಸುಮಾರು 0.5 ಬಾರ್‌ಗಿಂತ ಮೇಲಿದೆ, ಸರಿ. ಇನ್ನು ಪೈಪಿನ ಘರ್ಷಣೆ, ಪ್ರತಿ ಮೀಟರ್ ಎತ್ತರಕ್ಕೆ 0.098 ಬಾರ್, ವಾಲ್ವು ಮತ್ತು ಮೊಣಕೈಗಳ ನಷ್ಟ ಇವನ್ನು ಕೂಡುತ್ತ ಪಂಪಿನವರೆಗೆ ಬನ್ನಿ.

ಕೆ 80 ಬಿಟ್ಟು ಕೆ 115 ಹಾಕಿದರೆ ಏನು ಲಾಭ?

ಹೆಚ್ಚು ನೀರು ಬೇಕಾದ ಕಡೆ ಲಾಭ. ಮೇಲಿನ ಕಡತದ ಕೋಣೆಯನ್ನೇ ತೆಗೆದುಕೊಳ್ಳಿ: 8.1 ಗುಣಿಸು 12, ಹೆಡ್‌ಗೆ 97.2 ಲೀಟರ್. ಕೆ 80ಕ್ಕೆ ಇದು ಸುಮಾರು 1.48 ಬಾರ್ ಕೇಳುತ್ತದೆ, ಕೆ 115 ಕೇಳುವುದು 0.71 ಬಾರ್ ಮಾತ್ರ. ಕಡಿಮೆ ನೀರಿನ ವರ್ಗದಲ್ಲಿ ಕೆ 115 ಹಾಕಿದರೆ ಕನಿಷ್ಠ ಒತ್ತಡಕ್ಕೇ ಬೇಕಾದ್ದಕ್ಕಿಂತ ಹೆಚ್ಚು ನೀರು ಸುರಿದು ಟ್ಯಾಂಕು ಬೇಗ ಬರಿದಾಗುತ್ತದೆ.

ಎರಡು ಬೀಗಕ್ಕೆ ಶೇಕಡಾ 30 ಹೆಚ್ಚು ಅನ್ನುತ್ತಾರಲ್ಲ, ಯಾವುದರ ಶೇಕಡಾ 30? ನೀರಿನದ್ದೋ, ಜಾಗದ್ದೋ?

ಜಾಗದ್ದು. ನಿಮಿಷಕ್ಕೆ ಬೀಳುವ ಮಿ.ಮೀ. ಬದಲಾಗುವುದಿಲ್ಲ, ಅದು ಬೀಳಬೇಕಾದ ಲೆಕ್ಕದ ಕ್ಷೇತ್ರ ಹಿಗ್ಗುತ್ತದೆ. ಒಂದು ಬೀಗದ್ದಕ್ಕೂ ಬೀಗವಿಲ್ಲದ್ದಕ್ಕೂ ಈ ದಂಡವಿಲ್ಲ.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಒಂದು ಬೀಗಕ್ಕೆ 139 ಚದರ ಮೀಟರ್, ಭಾಗಿಸು 12, ಉತ್ತರ 11.6. ಅರ್ಧ ಹೆಡ್ ಇಲ್ಲವಾದ್ದರಿಂದ 12 ಹೆಡ್. ಎರಡು ಬೀಗಕ್ಕೆ 139 ಗುಣಿಸು 1.3, ಅಂದರೆ 180.7. ಭಾಗಿಸು 12, ಉತ್ತರ 15.06. ಆ 0.06ಕ್ಕಾಗಿ 16 ಹೆಡ್! ಹೆಸರಿಗೆ ಶೇಕಡಾ 30, ಕೈಗೆ ಬಂದದ್ದು ಮೂರನೇ ಒಂದು ಪಾಲು ಹೆಚ್ಚು. ಇಂಥ ಕಡೆ ಹೆಡ್‌ಗಳ ಅಂತರವನ್ನು ಒಂದಿಷ್ಟು ಹೊಂದಿಸಿದರೆ ಒಂದು ಹೆಡ್‌ನ ನೀರು ಉಳಿಯುತ್ತದೆ.

ಆಕಾರವೂ ಬದಲಾಗುತ್ತದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಕ್ಷೇತ್ರದ ಉದ್ದ, ಕವಲು ಪೈಪಿನ ದಿಕ್ಕಿನಲ್ಲಿ, ವರ್ಗಮೂಲದ 1.2 ಪಟ್ಟು ಇರಬೇಕು. 139ಕ್ಕೆ 14.15 ಮೀಟರ್, 4 ಮೀಟರ್ ಅಂತರದಲ್ಲಿ ಒಂದು ಕವಲಿಗೆ 4 ಹೆಡ್. 180.7ಕ್ಕೆ 16.13 ಮೀಟರ್, ಅಂದರೆ 5 ಹೆಡ್. ಒಂದೇ ಸಣ್ಣ ಪೈಪಿನಲ್ಲಿ ಐದು ಹೆಡ್‌ಗಳ ನೀರು ಓಡುವಾಗ ಘರ್ಷಣೆ ಏರುತ್ತದೆ. ಹರಿವಿನ 1.85 ಘಾತದಂತೆ ಏರುವುದರಿಂದ ಪೈಪಿನ ಅಳತೆಯನ್ನೇ ಒಂದು ಹಂತ ಹೆಚ್ಚಿಸಬೇಕಾಗಬಹುದು.

ಸಿ ಅಂಕ 120 ಹಾಕಬೇಕೋ, 100 ಹಾಕಬೇಕೋ? ಕಂಟ್ರ್ಯಾಕ್ಟರ್ 120 ಹಾಕಿದ್ದಾರೆ, ಪರೀಕ್ಷೆಯೂ ಪಾಸಾಗಿದೆ.

ಪರೀಕ್ಷೆ ಪಾಸಾಗುವುದೇ ಇಲ್ಲಿನ ಮೋಸ. ಪೈಪಿನ ಘರ್ಷಣೆಯನ್ನು ಲೆಕ್ಕ ಹಾಕುವ ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ಸಿ ಎನ್ನುವುದು ಪೈಪಿನ ಒಳಮೈ ಎಷ್ಟು ನಯವಾಗಿದೆ ಎಂಬ ಅಳತೆ. ನೀರು ತುಂಬಿದ ಉಕ್ಕಿನ ಪೈಪಿಗೆ 120. ಗಾಳಿ ತುಂಬಿದ ಒಣ ಮತ್ತು ಪ್ರಿಆಕ್ಷನ್ ಪೈಪಿಗೆ 100, ಒಂದು ಬೀಗದ್ದಾದರೂ ಸರಿ. ಒಳಗೆ ಉಳಿದ ನೀರು ಮತ್ತು ಗಾಳಿ ಸೇರಿ ತುಕ್ಕು ಹಿಡಿಸುತ್ತವೆಂದು ಕಡಿಮೆ. ಹೊಸ ಪೈಪಿನ ಒಳಮೈ ಇನ್ನೂ ನಯವಾಗಿರುವಾಗ ಪರೀಕ್ಷೆ ಮಾಡಿದರೆ ತಪ್ಪು ಲೆಕ್ಕವೂ ಸರಿಯಾಗಿ ಕಾಣುತ್ತದೆ. 100 ಎನ್ನುವುದು ಹತ್ತಾರು ವರ್ಷ ಕಳೆದ ಪೈಪಿನ ಅಂಕ.

ವ್ಯತ್ಯಾಸ ಎಷ್ಟೆಂದರೆ 1.2ರ 1.85 ಘಾತ, ಸುಮಾರು 1.4. ಒಳವ್ಯಾಸ 52.5 ಮಿ.ಮೀ. ಇರುವ ಪೈಪಿನಲ್ಲಿ ನಿಮಿಷಕ್ಕೆ 300 ಲೀಟರ್ ಓಡಿದರೆ 30 ಮೀಟರ್‌ಗೆ ನಷ್ಟ 120ರ ಲೆಕ್ಕದಲ್ಲಿ 0.41 ಬಾರ್, 100ರ ಲೆಕ್ಕದಲ್ಲಿ 0.58 ಬಾರ್. ಇಡೀ ಜಾಲದ ಘರ್ಷಣೆ 1.8 ಬಾರ್ ಎಂದು ಬರೆದಿದ್ದರೆ ನಿಜಕ್ಕೂ ಅದು 2.5. ನಾನೇ ಹಿಂದೊಮ್ಮೆ ನೀರು ತುಂಬಿದ ವ್ಯವಸ್ಥೆಯ ಹಾಳೆಯನ್ನು ನಕಲು ಮಾಡಿ ಈ ಅಂಕ ತಿದ್ದುವುದನ್ನು ಮರೆತಿದ್ದೆ. ಪೈಪು ಕಟ್ಟುವ ಮೊದಲು ಕಣ್ಣಿಗೆ ಬಿತ್ತು, ಅದೃಷ್ಟ.

ಒಂದು ವಿನಾಯಿತಿ: 2022ರ ಆವೃತ್ತಿಯಲ್ಲಿ ಶೇಕಡಾ 98 ಶುದ್ಧತೆಯ ನೈಟ್ರೋಜನ್ ಪೂರೈಕೆ ಇರುವ ಒಣ ಜಾಲಕ್ಕೆ 120 ಬಳಸಲು ಅವಕಾಶವಿದೆ. ನೈಟ್ರೋಜನ್ ಯಂತ್ರ ಕೆಟ್ಟು ಆರು ತಿಂಗಳು ಗಾಳಿಯಲ್ಲೇ ನಡೆಸುವ ಕಟ್ಟಡವಾದರೆ ಆ ಅವಕಾಶವನ್ನು ಬಳಸಿಕೊಳ್ಳಬೇಡಿ.

ಕೊನೆಗೆ ಪಂಪು, ಟ್ಯಾಂಕಿನ ಮೇಲೆ ಎಷ್ಟು ಹೊರೆ ಬೀಳುತ್ತದೆ? ಮಾಲೀಕರಿಗೆ ಅದೊಂದೇ ಬೇಕು.

ಹನ್ನೆರಡು ಹೆಡ್ ಗುಣಿಸು 73.2, 878 ಲೀಟರ್. ಪಂಪಿಗೆ ಹತ್ತಿರದ ಹೆಡ್‌ಗಳಲ್ಲಿ ಒತ್ತಡ ಹೆಚ್ಚಿ ನೀರೂ ಹೆಚ್ಚು ಬೀಳುತ್ತದೆ. ಅದಕ್ಕೆ ಶೇಕಡಾ 12 ಸೇರಿಸೋಣ (ನಿಜವಾದ ಅಂಕವನ್ನು ಪೂರ್ಣ ಲೆಕ್ಕ ಕೊಡುತ್ತದೆ), ಸುಮಾರು 983. ಈ ವರ್ಗಕ್ಕೆ ಅಗ್ನಿಶಾಮಕರು ಹಿಡಿಯುವ ಹೋಸ್ ಪೈಪಿನ ಪಾಲು ನಿಮಿಷಕ್ಕೆ 946 ಲೀಟರ್. ಒಟ್ಟು 1,929. ಹದಿನಾರು ಹೆಡ್‌ಗೆ ಇದೇ ದಾರಿಯಲ್ಲಿ ಸುಮಾರು 2,257.

ನಮ್ಮ ಮಾರುಕಟ್ಟೆಯಲ್ಲಿ ಪಂಪುಗಳು ನಿಮಿಷಕ್ಕೆ 2,280, 2,850 ಎಂಬಂಥ ಅಳತೆಗಳಲ್ಲಿ ಬರುತ್ತವೆ. ಹೋಸ್ ಮತ್ತು ಸ್ಪ್ರಿಂಕ್ಲರ್ ಎರಡಕ್ಕೂ ಒಂದೇ ಪಂಪಾದರೆ, ಒಂದು ಬೀಗಕ್ಕೆ 2,280ರ ಪಂಪು ನಿರಾಳ. ಎರಡು ಬೀಗಕ್ಕೆ ಅದೇ ಪಂಪಿನಲ್ಲಿ ಉಳಿಯುವುದು 23 ಲೀಟರ್. ನಾನಾದರೆ 2,850ಕ್ಕೆ ಹೋಗುತ್ತೇನೆ. ಹೈಡ್ರಂಟ್ ಪಂಪು ಬೇರೆಯೇ ಇದ್ದರೆ ಹೋಸಿನ ಪಾಲು ಅದಕ್ಕೆ ಹೋಗುತ್ತದೆ, ಆದರೆ ಟ್ಯಾಂಕಿನಿಂದ ತಪ್ಪಿಸಿಕೊಳ್ಳುವುದಿಲ್ಲ.

ಟ್ಯಾಂಕು 60 ನಿಮಿಷಕ್ಕೆ ಎಂದರೆ 1,16,000 ಲೀಟರ್ ಎದುರಿಗೆ 1,35,000. ಹೆಚ್ಚುವರಿ ಸುಮಾರು 20,000 ಲೀಟರ್, 5,000 ಲೀಟರಿನ ಟ್ಯಾಂಕರ್ ನಾಲ್ಕು. ಮೇ ತಿಂಗಳಲ್ಲಿ ಟ್ಯಾಂಕರಿಗಾಗಿ ಕಾದು ನಿಂತ ಅನುಭವವಿರುವ ಮಾಲೀಕರಿಗೆ ಎರಡನೆಯ ಬೀಗದ ಬೆಲೆ ಇಲ್ಲಿ ಅರ್ಥವಾಗುತ್ತದೆ.

ಪೈಪಿನಲ್ಲಿ ಗಾಳಿ ಎಷ್ಟು ಒತ್ತಡದಲ್ಲಿರಬೇಕು? ಸೈಕಲ್ ಟ್ಯೂಬಿನಷ್ಟೇ?

ಅದಕ್ಕಿಂತ ಕಡಿಮೆ ಸಾಕು. ಇಪ್ಪತ್ತಕ್ಕಿಂತ ಹೆಚ್ಚು ಹೆಡ್ ಇರುವ ಜಾಲವನ್ನು ಗಾಳಿ ಅಥವಾ ನೈಟ್ರೋಜನ್ ಒತ್ತಡದಿಂದ ಕಾಯಬೇಕು, ಕನಿಷ್ಠ ಸುಮಾರು 0.5 ಬಾರ್. ಎರಡು ಬೀಗದ್ದರಲ್ಲಿ ವಾಲ್ವು ತಯಾರಕರು ಹೇಳಿದ ಅಂಕವನ್ನು ನೋಡಿ. ಬೇಕಾದ್ದಕ್ಕಿಂತ ಹೆಚ್ಚು ಗಾಳಿ ತುಂಬಿದರೆ ಅದು ಹೊರಹೋಗಲು ಹೆಚ್ಚು ಹೊತ್ತು ಬೇಕು, ನೀರು ಅಷ್ಟು ತಡ.

ಒಂದು ಬೀಗದ್ದರಲ್ಲೂ ಗಾಳಿ ಮಾಯವಾಗುವುದಿಲ್ಲ. 0.5 ಬಾರ್‌ನ ಗಾಳಿಯ ಮೇಲೆ 6 ಬಾರ್‌ನ ನೀರು ನುಗ್ಗಿದರೆ ಬಾಯ್ಲ್ ನಿಯಮದಂತೆ ಗಾಳಿ ತನ್ನ ಮೂಲ ಜಾಗದ ಸುಮಾರು ಐದನೇ ಒಂದು ಪಾಲಿಗೆ ಕುಗ್ಗಿ ಕವಲುಗಳ ತುದಿಯಲ್ಲಿ ಕೂರುತ್ತದೆ. ಹೆಡ್ ತೆರೆದಾಗ ಮೊದಲು ಅದು ಬುಸ್ಸೆಂದು ಹೊರಬಂದು ಆಮೇಲೆ ನೀರು ಬರುತ್ತದೆ. ಪರೀಕ್ಷೆಯಲ್ಲಿ ಇದನ್ನು ಕಂಡು ಪಂಪು ಕೆಟ್ಟಿದೆ ಎಂದು ಫೋನ್ ಮಾಡಿದವರು ಇದ್ದಾರೆ.

## ಆಳಕ್ಕಿಳಿದವರಿಗೆ

ಅರವತ್ತು ಸೆಕೆಂಡಿನ ನಿಯಮ ಎಲ್ಲ ಪ್ರಿಆಕ್ಷನ್‌ಗೂ ಇದೆಯೇ?

ಇಲ್ಲ, ಎರಡು ಬೀಗದ್ದಕ್ಕೆ. ಒಂದು ಬೀಗದ್ದಕ್ಕೂ ಬೀಗವಿಲ್ಲದ್ದಕ್ಕೂ ಇರುವ ಮಿತಿ ಬೇರೆ: ಒಂದು ವಾಲ್ವಿಗೆ 1,000 ಹೆಡ್.

ಎರಡು ಬೀಗದ್ದರಲ್ಲಿ ತುದಿಯ ಪರೀಕ್ಷಾ ನಲ್ಲಿಗೆ 60 ಸೆಕೆಂಡಿನೊಳಗೆ ನೀರು ಬರುವಂತೆ ಮಾಡಬಹುದು, ಅಥವಾ ಜಾಲದ ಗಾತ್ರವನ್ನೇ ಸುಮಾರು 1,900 ಲೀಟರಿನೊಳಗೆ ಇಡಬಹುದು. ಗಾತ್ರದ ಲೆಕ್ಕ ಸುಲಭ. 100 ಮಿ.ಮೀ. ಪೈಪು ಮೀಟರಿಗೆ ಸುಮಾರು 8.2 ಲೀಟರ್ ಹಿಡಿಯುತ್ತದೆ, 80ರದ್ದು 4.8, 50ರದ್ದು 2.2, 25ರದ್ದು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. 60 ಮೀಟರ್ ಮುಖ್ಯ ಪೈಪಿರುವ ಒಂದು ಸಾಧಾರಣ ಕೋಣೆಯ ಜಾಲ 800 ಲೀಟರಿನ ಆಸುಪಾಸು ಬರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಮುಖ್ಯ ಪೈಪಿನದೇ.

ಇಲ್ಲೊಂದು ಇಕ್ಕಟ್ಟು ಇದೆ. ಘರ್ಷಣೆ ತಗ್ಗಿಸಲು ಪೈಪು ದೊಡ್ಡದು ಮಾಡಿದರೆ ಗಾತ್ರ ಹೆಚ್ಚಿ ನೀರು ತಡವಾಗುತ್ತದೆ. ಚಿಕ್ಕದು ಮಾಡಿದರೆ ಪಂಪಿನ ಒತ್ತಡ ಏರಬೇಕು. ಇದನ್ನು ಬಿಡಿಸಲು ನಾನು ಮೊದಲು ನೋಡುವುದು ವಾಲ್ವಿನ ಜಾಗ. ನೆಲಮಾಳಿಗೆಯ ಪಂಪು ಕೋಣೆಯಲ್ಲಿರುವ ವಾಲ್ವನ್ನು ರಕ್ಷಿಸಬೇಕಾದ ಕೋಣೆಯ ಬಾಗಿಲಿಗೆ ತಂದರೆ ಅಲ್ಲಿಯವರೆಗಿನ ಪೈಪಿನಲ್ಲಿ ನೀರು ತುಂಬಿಯೇ ಇರುತ್ತದೆ, ಒಣ ಪೈಪು ಅರ್ಧಕ್ಕೆ ಇಳಿಯುತ್ತದೆ.

ಬೇಗ ಒಡೆಯುವ ಬಲ್ಬು ಹಾಕಿದರೆ ಕ್ಷೇತ್ರ ಕಡಿಮೆ ಮಾಡಬಹುದು ಎಂದು ಓದಿದ್ದೇನೆ. ಆ 30ಕ್ಕೆ ಇದು ವಜಾ ಆಗುತ್ತದಲ್ಲವೇ?

ಜಾಣ ಪ್ರಶ್ನೆ, ಆದರೆ ಆಗುವುದಿಲ್ಲ. ಆ ಕಡಿತ ನೀರು ತುಂಬಿದ ಪೈಪಿಗೆ ಮಾತ್ರ. ಪ್ರಿಆಕ್ಷನ್‌ನಲ್ಲಿ ಯಾವ ಬಗೆಗೂ ಇಲ್ಲ.

ಹೆಚ್ಚಳಗಳು ಮಾತ್ರ ಒಂದರ ಮೇಲೊಂದು ಏರುತ್ತವೆ. ಸೂರಿನ ಇಳಿಜಾರು ಆರಕ್ಕೆ ಒಂದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಶೇಕಡಾ 30. ತಗಡಿನ ಇಳಿಜಾರು ಸೂರಿನ ಕೆಳಗೆ ಎರಡು ಬೀಗದ ವ್ಯವಸ್ಥೆ ಹಾಕಿದರೆ 139 ಗುಣಿಸು 1.3 ಗುಣಿಸು 1.3, ಸುಮಾರು 235 ಚದರ ಮೀಟರ್. ಇದನ್ನು 60 ಶೇಕಡಾ ಎಂದು ಕೂಡಿಸಿ 222 ಬರೆದ ಹಾಳೆಗಳನ್ನು ನೋಡಿದ್ದೇನೆ.

ಗ್ರಿಡ್ ಮಾಡಿದರೆ ಒತ್ತಡದ ನಷ್ಟ ಕಡಿಮೆ ಅಲ್ಲವೇ? ಇದಕ್ಕೂ ಮಾಡೋಣವೇ?

ಎರಡು ಬೀಗದ್ದಕ್ಕೆ ಗ್ರಿಡ್, ಅಂದರೆ ಬಲೆಯಂತೆ ಹೆಣೆದ ಪೈಪು ಜಾಲ, ನಿಷಿದ್ಧ. ಗ್ರಿಡ್‌ನಲ್ಲಿ ನೀರು ಎಲ್ಲ ದಾರಿಗಳಿಂದ ನುಗ್ಗಿ ಗಾಳಿಯನ್ನು ನಡುವೆ ಸಿಕ್ಕಿಸುತ್ತದೆ, ತುದಿಗೆ ತಲುಪುವ ಹೊತ್ತನ್ನು ಅಂದಾಜು ಮಾಡುವುದೂ ಕಷ್ಟ. ಮರದ ಕೊಂಬೆಯಂತೆ ಕವಲೊಡೆಯುವ ಜಾಲವೇ ಇಲ್ಲಿ ಒಳ್ಳೆಯದು.

ಲೆಕ್ಕದಲ್ಲಿ ಬಿಟ್ಟುಹೋಗುವ ಇನ್ನೊಂದು ವಸ್ತು ಚೆಕ್ ವಾಲ್ವು, ಅಂದರೆ ಒಂದೇ ದಿಕ್ಕಿಗೆ ಹರಿಯಲು ಬಿಡುವ ವಾಲ್ವು. ಪ್ರಿಆಕ್ಷನ್‌ನಲ್ಲಿ ನೀರನ್ನು ತಡೆದಿರುವ ವಾಲ್ವಿಗೂ ಡೆಲ್ಯೂಜ್ ವಾಲ್ವು ಎಂದೇ ಹೆಸರು, ಅದರ ಮೇಲೆ ಇದು ಇರುತ್ತದೆ. ಕಾವಲು ಗಾಳಿಯನ್ನು ಹಿಡಿದಿಡುವುದು ಅದೇ. ಎರಡರ ನಷ್ಟವನ್ನೂ ತಯಾರಕರ ಹಾಳೆಯಿಂದ ತೆಗೆದು ಕೂಡಿಸಿ. ಆ ಹಾಳೆ ಸಮಾನ ಉದ್ದವನ್ನು (ವಾಲ್ವಿನಷ್ಟೇ ನಷ್ಟ ಕೊಡುವ ಪೈಪಿನ ಉದ್ದ) ಸಿ 120ಕ್ಕೆ ಕೊಟ್ಟಿದ್ದರೆ, 100ರ ಲೆಕ್ಕಕ್ಕೆ ಅದನ್ನು 0.713ರಿಂದ ಗುಣಿಸಬೇಕು. ವಾಲ್ವಿನ ನಷ್ಟ ಪೈಪಿನ ತುಕ್ಕಿನಿಂದ ಬದಲಾಗುವುದಿಲ್ಲವಲ್ಲ.

ಪೈಪಿಗೆ ಇಳಿಜಾರು ಏಕೆ? ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ?

ಹಿಮ ಬೀಳುವುದಿಲ್ಲ, ತುಕ್ಕು ಬೀಳುತ್ತದೆ. ಪ್ರತಿ ಪರೀಕ್ಷೆಯ ನಂತರ ಪೈಪಿನಲ್ಲಿ ನೀರು ಉಳಿಯುತ್ತದೆ, ಕಂಪ್ರೆಸರ್ ಹೊಸ ಆಮ್ಲಜನಕ ಕೊಡುತ್ತಲೇ ಇರುತ್ತದೆ. ಅರ್ಧ ಒದ್ದೆ, ಅರ್ಧ ಒಣಗಿದ ಪೈಪಿನ ತಳದಲ್ಲಿ ತೂತು ಬೀಳಲು ಇಷ್ಟು ಸಾಕು. ಸತುವು ಬಳಿದ ಪೈಪೂ ಇದರಿಂದ ಪಾರಾಗುವುದಿಲ್ಲ. ಶಹಾಬಾದ್ ಕಲ್ಲಿನ ಸೀಮೆಯ ಬೋರ್‌ವೆಲ್ ನೀರು ಗಡಸು, ಅದು ಒಣಗಿದಲ್ಲೆಲ್ಲ ಸುಣ್ಣದ ಪದರ ಬಿಡುತ್ತದೆ. ವಾಲ್ವಿನ ಸೀಟು, ಸೋಸುವ ಜಾಲರಿಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ.

ಕವಲುಗಳಿಗೆ ಮೀಟರಿಗೆ 4 ಮಿ.ಮೀ., ಮುಖ್ಯ ಪೈಪಿಗೆ 2 ಮಿ.ಮೀ. ಇಳಿಜಾರು ಕೊಡುತ್ತೇನೆ. ಇಷ್ಟು ಸಣ್ಣ ಇಳಿಜಾರು ಕೆಲಸ ಮಾಡುತ್ತದೆಯೇ ಎಂದು ಅನುಮಾನಿಸುವವರನ್ನು ಬೀದರಿನ ನೌಬಾದಿನ ಕರೇಜಿಗೆ ಕರೆದುಕೊಂಡು ಹೋಗಬೇಕು. ಬಹಮನಿ ಕಾಲದ ಆ ಸುರಂಗದಲ್ಲಿ ಪಂಪಿಲ್ಲದೆ, ಬರಿಯ ಇಳಿಜಾರಿನಿಂದ ನೆಲದಡಿಯ ನೀರು ಹರಿಯುತ್ತಿತ್ತು. ಕೆಳಮುಖದ ಹೆಡ್ ಹಾಕುವುದಾದರೆ ಪೈಪಿನ ಮೇಲ್ಭಾಗದಿಂದ ಬಾಗಿಸಿ ತನ್ನಿ, ಇಲ್ಲವೇ ಒಣ ಬಗೆಯ ಹೆಡ್ ತನ್ನಿ. ಫಾಲ್ಸ್ ಸೀಲಿಂಗ್ ಇಲ್ಲದ ಕಡೆ ಮೇಲ್ಮುಖದ ಹೆಡ್ ಅತ್ಯುತ್ತಮ, ಅದರಲ್ಲಿ ನೀರೂ ನಿಲ್ಲುವುದಿಲ್ಲ, ಕಸವೂ ಕೂರುವುದಿಲ್ಲ.

ಬೀದರ್ ಎತ್ತರದಲ್ಲಿದೆ. ಪಂಪಿನ ಲೆಕ್ಕಕ್ಕೆ ಅದರಿಂದ ತೊಂದರೆಯೇ?

ಹೊರಕ್ಕೆ ತಳ್ಳುವ ಕಡೆ ಏನೂ ಇಲ್ಲ. ಹೀರುವ ಕಡೆ ಸ್ವಲ್ಪ ಇದೆ. 650 ಮೀಟರಿಗಿಂತ ಎತ್ತರದ ಪ್ರಸ್ಥಭೂಮಿಯಲ್ಲಿ ವಾತಾವರಣದ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಮುಕ್ಕಾಲು ಮೀಟರ್ ನೀರಿನಷ್ಟು ಕಡಿಮೆ. ಬೇಸಿಗೆಯಲ್ಲಿ 40 ಡಿಗ್ರಿಗೆ ಕಾದ ಟ್ಯಾಂಕಿನ ನೀರು ಆವಿಯ ಒತ್ತಡಕ್ಕೆಂದು ಇನ್ನೂ ಮುಕ್ಕಾಲು ಮೀಟರ್ ಕಳೆಯುತ್ತದೆ. ಪಂಪು ಟ್ಯಾಂಕಿನ ಮಟ್ಟಕ್ಕಿಂತ ಕೆಳಗಿದ್ದು ನೀರು ತಾನಾಗಿ ಬಂದು ತುಂಬುವಂತಿದ್ದರೆ ಈ ಚಿಂತೆಯಿಲ್ಲ. ಸಂಪಿನ ಮೇಲೆ ಪಂಪು ಕೂರಿಸಿ ಫುಟ್ ವಾಲ್ವು ನಂಬುವ ಪದ್ಧತಿಯನ್ನು ಬೆಂಕಿಯ ವಿಷಯದಲ್ಲಿ ಬಿಟ್ಟುಬಿಡಿ.

ಕರೆಂಟು ಹೋದಾಗ ಬೆಂಕಿ ಬಿದ್ದರೆ ವಾಲ್ವು ತೆರೆಯುತ್ತದೆಯೇ?

ಪ್ಯಾನೆಲ್‌ನ ಬ್ಯಾಟರಿ ಜೀವಂತವಿದ್ದರೆ ತೆರೆಯುತ್ತದೆ. ವಾಲ್ವನ್ನು ತೆರೆಸುವ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ನಡೆಯುವ ಸಣ್ಣ ವಾಲ್ವು, ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ, 24 ವೋಲ್ಟ್ ಕೊಟ್ಟಾಗ ಮಾತ್ರ ತೆರೆಯುತ್ತದೆ. ಬ್ಯಾಟರಿ ಸತ್ತಿದ್ದರೆ ಒಂದು ಬೀಗದ್ದರಲ್ಲೂ ಎರಡು ಬೀಗದ್ದರಲ್ಲೂ ಹೆಡ್‌ಗಳು ಒಡೆದು ಬರಿಯ ಗಾಳಿ ಬರುತ್ತದೆ. ಬೀಗವಿಲ್ಲದ ಬಗೆ ಗಾಳಿಯ ಒತ್ತಡ ಇಳಿದೊಡನೆ ತೆರೆಯುವುದರಿಂದ ಈ ಅಪಾಯಕ್ಕೆ ಕಡಿಮೆ ಸಿಗುತ್ತದೆ. ಕರೆಂಟು ಪದೇ ಪದೇ ಹೋಗುವ ಊರುಗಳಲ್ಲಿ ಬ್ಯಾಟರಿ ಬೇಗ ಸವೆಯುತ್ತದೆ. ವಾಲ್ವಿನ ಬಳಿಯ ಕೈಯಿಂದ ತೆರೆಯುವ ಹಿಡಿ ಎಲ್ಲಿದೆ ಎಂಬುದನ್ನು ರಾತ್ರಿ ಪಾಳಿಯ ಕಾವಲುಗಾರನಿಗೆ ತೋರಿಸಿ, ಅವನ ಕೈಯಿಂದಲೇ ಒಮ್ಮೆ ತೆರೆಸಿ.

ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲ. ಪೂರ್ಣ ಹರಿವಿನ ಪರೀಕ್ಷೆಗೆ ಸಾವಿರಾರು ಲೀಟರ್ ಚೆಲ್ಲಿದರೆ ಜನ ಬೈಯುವುದಿಲ್ಲವೇ?

ಬೈಯುತ್ತಾರೆ, ಬೈಯಬೇಕು ಕೂಡ. ಪರೀಕ್ಷೆ ಮತ್ತು ನಿರ್ವಹಣೆಯ ನಿಯಮವಾದ ಎನ್‌ಎಫ್‌ಪಿಎ 25ರ ಪ್ರಕಾರ ಪ್ರಿಆಕ್ಷನ್ ವಾಲ್ವನ್ನು ಪ್ರತಿ ವರ್ಷ ತೆರೆಸಿ ನೋಡಬೇಕು, ಆದರೆ ನಿಯಂತ್ರಣ ವಾಲ್ವು ಪೂರ್ತಿ ತೆರೆದು ಮಾಡುವ ಪರೀಕ್ಷೆ ಮೂರು ವರ್ಷಕ್ಕೊಮ್ಮೆ. ಉಳಿದ ವರ್ಷ ನಿಯಂತ್ರಣ ವಾಲ್ವನ್ನು ಸ್ವಲ್ಪ ಮಾತ್ರ ತೆರೆದರೆ ಸಾಕು, ಪೈಪಿಗೆ ಹೆಚ್ಚು ನೀರೂ ಹೋಗುವುದಿಲ್ಲ. ಪೂರ್ತಿ ಪರೀಕ್ಷೆಯನ್ನು ಮಳೆಗಾಲ ಮುಗಿದ ಮೇಲೆ, ಟ್ಯಾಂಕು ತೊಳೆಯುವ ವಾರಕ್ಕೆ ಇಟ್ಟುಕೊಳ್ಳಿ. ಹೇಗೂ ಆ ನೀರು ಖಾಲಿಯಾಗಬೇಕು.

ಪಂಪಿನ ಪರೀಕ್ಷೆಗಂತೂ ನೀರು ಚೆಲ್ಲುವ ಅಗತ್ಯವೇ ಇಲ್ಲ. ಹರಿವಿನ ಮೀಟರ್ ಇರುವ ಒಂದು ಪೈಪನ್ನು ಟ್ಯಾಂಕಿಗೇ ಮರಳಿ ಜೋಡಿಸಿದರೆ ನೀರು ಸುತ್ತುತ್ತಿರುತ್ತದೆ. ಪಂಪು ತನ್ನ ಅಳತೆಯ ಒಂದೂವರೆ ಪಟ್ಟು ಹರಿವಿನಲ್ಲೂ ಒತ್ತಡದ ಶೇಕಡಾ 65ನ್ನು ಉಳಿಸಿಕೊಳ್ಳಬೇಕು. ಮರಳಿ ಬರುವ ಪೈಪಿನ ಬಾಯಿಯನ್ನು ಹೀರುವ ಪೈಪಿನಿಂದ ದೂರಕ್ಕೆ, ನೀರಿನ ಮಟ್ಟಕ್ಕಿಂತ ಕೆಳಗೆ ಇಡಿ. ಹತ್ತಿರವಿದ್ದರೆ ಗುಳ್ಳೆಗಳು ಪಂಪಿನೊಳಗೆ ಹೋಗಿ ಮೀಟರಿನ ಮುಳ್ಳು ಕುಣಿಯುತ್ತದೆ, ಓದಿದ ಅಂಕಿಗೆ ಅರ್ಥವಿರುವುದಿಲ್ಲ.